ಧೂಳಿನ ಬಣ್ಣ

ಪಿತೃಪಕ್ಷ ಮುಗಿಯಲು ಇನ್ನು ನಾಲ್ಕು ದಿನ ಇದೆ ಎನ್ನುವಾಗ ನಮ್ಮ ಮನೆಯಲ್ಲಿ ಗೊಂಬೆಗಳ ಟ್ರಂಕು ಅಟ್ಟದಿಂದ ಇಳಿಯುತ್ತದೆ. ಇಳಿಸಿಕೊಡುವವರು ನಮ್ಮ ಮನೆಯವರು. “ಇದೇ ಕಡೇ ವರ್ಷ, ಮುಂದಿನ ಸಲ ಯಾರನ್ನಾದರೂ ಕರೆಸಿಕೋ” ಎಂದು ಅವರು ಸೊಂಟ ಹಿಡಿದುಕೊಂಡು ಹೇಳುವುದೂ ಹಬ್ಬದ ಶಾಸ್ತ್ರಗಳಲ್ಲಿ ಒಂದಾಗಿಹೋಗಿದೆ. ಟ್ರಂಕಿನಲ್ಲಿ ಎಲ್ಲರ ಮನೆಯಲ್ಲಿ ಇರುವಂಥವೇ ಇವೆ. ಪಟ್ಟದ ಗೊಂಬೆಗಳು, ದಿನಸಿ ಅಂಗಡಿ ಹರಡಿಕೊಂಡು ಕೂತ ಶೆಟ್ಟರು ಶೆಟ್ಟಮ್ಮ, ದಶಾವತಾರದಲ್ಲಿ ಒಡೆಯದೆ ಉಳಿದ ಎಂಟು ಅವತಾರಗಳು, ಅಂಬಾರಿ ಹೊತ್ತ ಆನೆ. ಇವುಗಳ ಜೊತೆಗೆ ಗೇಣುದ್ದದ ಆರು ಜನ ಕುದುರೆ ಸವಾರರು. ಜಂಬೂಸವಾರಿಯ ಸಾಲಿಗೆಂದು ನಮ್ಮಮ್ಮ ಕೊಂಡದ್ದು. ಮಣ್ಣಿನ ಗೊಂಬೆಗಳು; ಕುಂಕುಮದಂಥ ಕೆಂಪು ಕೋಟು, ಬಿಳಿ ಷರಾಯಿ, ಕೈಯಲ್ಲಿ ಭರ್ಜಿ. ಐವತ್ತು ವರ್ಷ ಏರಿ ಇಳಿದು ಬಣ್ಣವೆಲ್ಲ ಹೆಕ್ಕಳ ಎದ್ದಿತ್ತು.

ಮೊನ್ನೆಯ ನವರಾತ್ರಿಗೆ ಇವುಗಳನ್ನು ಒರೆಸಿ ಇಡುತ್ತಿದ್ದಾಗ ಹತ್ತು ವರ್ಷದ ಮೊಮ್ಮಗ ಪಕ್ಕದಲ್ಲಿ ಬಂದು ಕೂತ. ನನ್ನ ತಾತ ಮೈಸೂರು ಲ್ಯಾನ್ಸರ್ಸ್‌ನಲ್ಲಿ ಸವಾರರಾಗಿದ್ದರು, ಮೊದಲನೆಯ ಮಹಾಯುದ್ಧಕ್ಕೆ ಹೋಗಿ ಬಂದಿದ್ದರು ಎನ್ನುವುದು ಅವನಿಗೆ ಗೊತ್ತು. “ಅಜ್ಜಿ, ನಿಮ್ಮ ತಾತ ಈ ಕೆಂಪು ಕೋಟು ಹಾಕ್ಕೊಂಡೇ ಯುದ್ಧಕ್ಕೆ ಹೋಗಿದ್ರಾ? ದೂರದಿಂದಲೇ ಕಾಣಿಸಿಬಿಡ್ತಾರಲ್ಲ, ಗುಂಡು ಹೊಡೆಯೋಲ್ವಾ?” ಎಂದು ಕೇಳಿದ.

“ಇಲ್ಲ ಕಣೋ. ಅವರದು ಖಾಕಿ.”

“ಮತ್ತೆ ಇವರಿಗೂ ಖಾಕಿ ಹಚ್ಚು.”

ಹುಡುಗ ಹೇಳಿದ್ದರಲ್ಲಿ ನ್ಯಾಯ ಇತ್ತು. ಹೇಗೂ ಬಣ್ಣ ಹೋಗಿದೆ, ಹೊಸದಾಗಿ ಹಚ್ಚಲೇಬೇಕು. ಮೂವತ್ತು ವರ್ಷ ರಂಗೋಲಿ ಸ್ಪರ್ಧೆಗಳಿಗೆ ಬಣ್ಣ ಕಲಸಿದ ಕೈ ನನ್ನದು. ಖಾಕಿ ಏನು ಮಹಾ ಎಂದುಕೊಂಡೆ. ಅಂಗಡಿಗೆ ಹೋಗಿ “ಖಾಕಿ ಪೋಸ್ಟರ್ ಕಲರ್ ಕೊಡಿ” ಎಂದರೆ ಅಂಗಡಿಯವರು ಕಂದು ಬಣ್ಣದ ಬಾಟಲಿಯನ್ನು ಮುಂದಿಟ್ಟು “ಇದೇ ತೊಗೊಳ್ಳಿ ಅಮ್ಮಾ, ಸ್ವಲ್ಪ ಹಳದಿ ಹಾಕಿಕೊಳ್ಳಿ” ಎಂದರು. ಮನೆಗೆ ಬಂದು ಹಾಕಿದೆ. ಸಾಸಿವೆ ಬಣ್ಣ ಬಂತು. ಮಂಕಾಗಲಿ ಎಂದು ಕಪ್ಪು ಸೇರಿಸಿದೆ. ಹಸಿರಾಯಿತು! ಹಳದಿಗೆ ಕಪ್ಪು ಬೆರೆತರೆ ಪಾಚಿಯಂಥ ಹಸಿರು ಹುಟ್ಟುತ್ತದೆ ಎನ್ನುವುದು ಇಷ್ಟು ವರ್ಷವಾಗಿ ನನಗೆ ಗೊತ್ತೇ ಇರಲಿಲ್ಲ. ಬಿಳಿ ಹಾಕಿದೆ, ಬಾಣಂತಿ ಲೇಹ್ಯಕ್ಕೆ ಹಾಲು ಸುರಿದ ಹಾಗಾಯಿತು. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಹದಿನಾಲ್ಕು ಚೌಕ ಬಳಿದು ನೋಡಿದೆ. ಒಂದು ಕೊರಿಯರ್ ಹುಡುಗನ ಅಂಗಿಯಂತೆ, ಇನ್ನೊಂದು ಆಟೋ ಡ್ರೈವರಿನ ಅಂಗಿಯಂತೆ, ಮತ್ತೊಂದು ಪೊಲೀಸಿನವರ ಹಾಗೆ. ಎಲ್ಲವೂ ಖಾಕಿಯೇ. ಯಾವುದೂ ನಮ್ಮ ತಾತನದಲ್ಲ.

ಹಾಗೆ ಹೇಳಲು ನನಗೆ ಒಂದು ಆಧಾರ ಇತ್ತು. ಪಟ್ಟದ ಗೊಂಬೆಗಳನ್ನು ನಮ್ಮಜ್ಜಿ ಸುತ್ತಿಡುತ್ತಿದ್ದದ್ದು ಒಂದು ಉದ್ದನೆಯ ಉಣ್ಣೆಯ ಪಟ್ಟಿಯಲ್ಲಿ. ಆ ಕಾಲದ ಸಿಪಾಯಿಗಳು ಬೂಟಿನ ಮೇಲಿಂದ ಮೊಣಕಾಲಿನವರೆಗೆ ಬಿಗಿಯಾಗಿ ಸುತ್ತಿಕೊಳ್ಳುತ್ತಿದ್ದ ಪಟ್ಟಿ ಅದು. ನಮ್ಮ ‘ಪಟ್ಟಿ’ ಎಂಬ ಮಾತನ್ನೇ ಇಂಗ್ಲಿಷಿನವರು ‘ಪಟ್ಟೀ’ ಎಂದು ತೆಗೆದುಕೊಂಡು ತಮ್ಮ ಸೈನ್ಯಕ್ಕೆಲ್ಲ ಸುತ್ತಿಸಿದರು. ತಾತ ಯುದ್ಧದಿಂದ ತಂದದ್ದು ಒಂದು ಜೊತೆ. ಅದರಲ್ಲಿ ಒಂದನ್ನು ಅಜ್ಜಿ ಕತ್ತರಿಸಿ ಅಡಿಗೆಮನೆಗೆ ಮಸಿಬಟ್ಟೆ ಮಾಡಿಕೊಂಡರಂತೆ. ಉಣ್ಣೆಯಾದ್ದರಿಂದ ಬಿಸಿ ಪಾತ್ರೆ ಹಿಡಿಯಲು ಬಹಳ ಚೆನ್ನಾಗಿತ್ತು ಎಂದು ಅಪ್ಪ ನೆನೆಸಿಕೊಳ್ಳುತ್ತಿದ್ದರು. ಇನ್ನೊಂದು ಗೊಂಬೆಗಳ ಪಾಲಿಗೆ ಬಂದು, ನೂರು ವರ್ಷ ದಾಟಿ, ಇಂದು ನನ್ನ ಟ್ರಂಕಿನಲ್ಲಿದೆ.

ಆ ಪಟ್ಟಿಯನ್ನು ಬಿಚ್ಚಿ ಜಗುಲಿಯ ಬೆಳಕಿಗೆ ಹಿಡಿದೆ. ರವಿಕೆ ಕಣ ಕೊಳ್ಳುವಾಗ ಸೀರೆಯ ಸೆರಗನ್ನು ಹಿಡಿದುಕೊಂಡು ಅಂಗಡಿಯ ಬಾಗಿಲಿಗೆ ಬಂದು ಬಿಸಿಲಿನಲ್ಲಿ ನೋಡುತ್ತೇವಲ್ಲ, ಹಾಗೆ. ಟ್ಯೂಬ್‌ಲೈಟಿನಲ್ಲಿ ಒಂದಾಗಿ ಕಂಡದ್ದು ಹೊರಗೆ ಬಂದಾಗ ಎರಡಾಗುತ್ತದೆ ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪಟ್ಟಿಯ ಹೊರಗಿನ ಸುತ್ತು ಬಿಳಿಚಿಕೊಂಡು ಒಣಹುಲ್ಲಿನ ಬಣ್ಣಕ್ಕೆ ತಿರುಗಿತ್ತು. ಒಳಗಿನ ಸುತ್ತು, ಬೆಳಕು ಕಾಣದ ಜಾಗ, ಇನ್ನೂ ಗಾಢವಾಗಿ, ಕಂದಿನಲ್ಲಿ ಒಂದಿಷ್ಟು ಹಸಿರು ಬೆರೆತಂತೆ ಇತ್ತು. ಒಂದೇ ಬಟ್ಟೆಯಲ್ಲಿ ಎರಡು ಖಾಕಿ. ಇದರಲ್ಲಿ ಯಾವುದನ್ನು ಹಚ್ಚಲಿ? ಆ ಪ್ರಶ್ನೆ ಹಿಡಿದುಕೊಂಡು ಹೋದವಳು ಎಲ್ಲೆಲ್ಲಿಗೋ ಹೋಗಿ ಬಂದೆ. ಊರಿನ ಲೈಬ್ರರಿಯಲ್ಲಿ ಕೂತೆ, ಮಗಳಿಂದ ಪುಸ್ತಕ ತರಿಸಿ ಓದಿದೆ.

ಖಾಕಿ ಎಂಬುದು ಮೂಲದಲ್ಲಿ ಒಂದು ಬಣ್ಣದ ಹೆಸರಲ್ಲ. ಪಾರಸಿಯಲ್ಲಿ ಖಾಕ್ ಎಂದರೆ ಧೂಳು, ಮಣ್ಣು. ಖಾಕಿ ಎಂದರೆ ಮಣ್ಣಿನದು, ಧೂಳಿನದು. ಮಣ್ಣು ಊರಿಗೊಂದು ಬಗೆ ಇರುವಾಗ ಖಾಕಿ ಒಂದೇ ಆಗಲು ಹೇಗೆ ಸಾಧ್ಯ?

ಅದಕ್ಕೂ ಮುಂಚೆ ಸೈನಿಕನ ಬಟ್ಟೆ ಕಾಣಿಸಿಕೊಳ್ಳುವುದಕ್ಕೆಂದೇ ಇತ್ತು. ಇಂಗ್ಲಿಷರ ಕೆಂಪು ಕೋಟು 1645ರಷ್ಟು ಹಳೆಯದು. ನಮ್ಮ ಟಿಪ್ಪುವಿನ ಸಿಪಾಯಿಗಳ ಅಂಗಿಯ ಮೇಲೆ ಹುಲಿಪಟ್ಟೆ. ಇದು ಬರಿಯ ಶೋಕಿಯಲ್ಲ. ಆಗಿನ ಬಂದೂಕಿನ ಮದ್ದು ಹೊತ್ತಿದರೆ ದಟ್ಟ ಹೊಗೆ ಏಳುತ್ತಿತ್ತು. ನಾಲ್ಕು ಸಲ ಹಾರಿಸಿದರೆ ರಣರಂಗವೆಲ್ಲ ಹಸಿ ಸೌದೆ ಹಾಕಿದ ಅಡಿಗೆಮನೆಯಂತೆ. ಆ ಹೊಗೆಯಲ್ಲಿ ತನ್ನವನು ಯಾರು, ಎದುರಿನವನು ಯಾರು ಎಂದು ತಿಳಿಯಬೇಕಾದರೆ ಬಟ್ಟೆ ಕಣ್ಣಿಗೆ ಹೊಡೆಯುವಂತಿರಬೇಕು. ಬಂದೂಕಿನ ಗುಂಡು ಹೋಗುತ್ತಿದ್ದ ದೂರವೂ ಕಡಿಮೆ. ದೂರದಿಂದ ಕಂಡರೆ ದೊಡ್ಡ ಅಪಾಯವೇನೂ ಇರಲಿಲ್ಲ. ಹತ್ತೊಂಬತ್ತನೆಯ ಶತಮಾನ ನಡೆದಂತೆ ಗುಂಡು ದೂರ ಹೋಗತೊಡಗಿತು, ಗುರಿ ನಿಖರವಾಯಿತು. 1880ರ ದಶಕದಲ್ಲಿ ಹೊಗೆಯಿಲ್ಲದ ಮದ್ದು ಬಂದಿತು. ಕಾಣಿಸಿಕೊಳ್ಳುವುದೇ ಸಾವಾಯಿತು. ಆಗ ಸೈನಿಕ ಮಣ್ಣಿನೊಳಗೆ ಮಣ್ಣಾಗಬೇಕಾಯಿತು.

ಈ ಉಪಾಯ ಮೊದಲು ಹೊಳೆದದ್ದು ಹಿಂದುಸ್ಥಾನದ ಗಡಿಯಲ್ಲಿ. 1846ರಲ್ಲಿ ಪೆಷಾವರದ ಕಡೆ ಹ್ಯಾರಿ ಲಮ್ಸ್‌ಡನ್ ಎಂಬ ಅಧಿಕಾರಿ ಗೈಡ್ಸ್ ಎಂಬ ಪಡೆಯನ್ನು ಕಟ್ಟಿದ. ಅಲ್ಲಿನ ಬೋಳು ಗುಡ್ಡಗಳಲ್ಲಿ ಕೆಂಪು ಕೋಟಿನವರು ಹೋದರೆ ಹರದಾರಿ ದೂರಕ್ಕೆ ಕಾಣುತ್ತಾರೆ, ಬಿಸಿಲಿಗೆ ಬೇಯುತ್ತಾರೆ. ಆತ ಸಡಿಲವಾದ ಹತ್ತಿ ಬಟ್ಟೆಯನ್ನು ಆ ನೆಲದ ಧೂಳಿನ ಬಣ್ಣಕ್ಕೇ ಅದ್ದಿಸಿ ತನ್ನವರಿಗೆ ಕೊಟ್ಟ. 1857ರ ದಂಗೆಯ ಬೇಸಿಗೆಯಲ್ಲಿ ಇನ್ನೂ ಹಲವು ಪಲ್ಟನ್ನುಗಳು ತಮ್ಮ ಬಿಳಿ ಬಟ್ಟೆಯನ್ನು ಕೈಗೆ ಸಿಕ್ಕಿದ್ದರಲ್ಲಿ ಅದ್ದಿಕೊಂಡವು. ಕೆಸರು, ಚಹಾ ಸೊಪ್ಪು, ಶಾಯಿ. ನಮ್ಮ ಕೈಯಲ್ಲಿ ಚಹಾ ಬಿದ್ದ ಪಂಚೆ ಒಗೆಯಲು ಕೊಟ್ಟರೆ ಗೊತ್ತಾಗುತ್ತದೆ ಅದು ಎಂಥ ಬಣ್ಣ ಎಂದು! ಒಬ್ಬನದು ಬೂದಿ, ಒಬ್ಬನದು ಕಂದು, ಇನ್ನೊಬ್ಬನದು ನೀಲಿ ಛಾಯೆ. ಎರಡು ಸಲ ಒಗೆತ ಆದ ಮೇಲೆ ಸಾಲಿನಲ್ಲಿ ನಿಂತ ಇಬ್ಬರ ಬಟ್ಟೆ ಒಂದಕ್ಕೊಂದು ಕೂಡುತ್ತಿರಲಿಲ್ಲ.

ಇಲ್ಲಿ ನಮ್ಮ ಮಂಗಳೂರಿನ ಹೆಸರು ಬರುತ್ತದೆ. ಮಂಗಳೂರು ಹೆಂಚು ಎಂದು ನಾವು ತಲೆಯ ಮೇಲೆ ಹೊತ್ತುಕೊಂಡ ಆ ಹೆಂಚು ಬಾಸೆಲ್ ಮಿಷನ್ನಿನವರು ಮಾಡಿದ್ದು. ಹೆಂಚಿಗೂ ಮೊದಲೇ ಅವರು ಅಲ್ಲಿ ನೇಯ್ಗೆಯನ್ನು ಹೂಡಿದ್ದರು. 1851ರಲ್ಲಿ ಜಾನ್ ಹಾಲರ್ ಎಂಬ ನುರಿತ ನೇಕಾರ ಯುರೋಪಿನಿಂದ ಬಂದು, ಬಲ್ಮಠದ ನೇಯ್ಗೆಮನೆಯಲ್ಲಿ ಹೊಸ ಬಗೆಯ ಮಗ್ಗ ಹಾಕಿಸಿ, ಜೊತೆಗೆ ಬಣ್ಣದ ಮನೆಯನ್ನೂ ಕಟ್ಟಿಸಿದ. ಗಟ್ಟಿಯಾಗಿ ನಿಲ್ಲುವ ಒಂದು ಖಾಕಿ ಬಣ್ಣವನ್ನು ಆತ ಅಲ್ಲಿ ತಯಾರಿಸಿದ. ಆ ಬಟ್ಟೆ ಮೊದಲು ಆ ಸೀಮೆಯ ಪೊಲೀಸರ ಮೈಗೆ ಬಂತು. ಮುಂದೆ ಇಡೀ ಸೈನ್ಯದ ದಂಡನಾಯಕನಾದ ಲಾರ್ಡ್ ರಾಬರ್ಟ್ಸ್ ಈ ಕಾರ್ಖಾನೆಗೆ ಬಂದು ನೋಡಿ, ಮೆಚ್ಚಿ, ಸೈನ್ಯಕ್ಕೆ ಶಿಫಾರಸು ಮಾಡಿದ ಎಂಬ ಮಾತು ಮಂಗಳೂರಿನಲ್ಲಿ ಇಂದಿಗೂ ಕೇಳಿಬರುತ್ತದೆ. ಪೆಷಾವರದವರು ನಮ್ಮದು ಎನ್ನಲಿ, ಮಂಗಳೂರಿನವರು ನಮ್ಮದು ಎನ್ನಲಿ, ಇಬ್ಬರ ಮಾತಿಗೂ ಆಧಾರ ಇದೆ. ಒಬ್ಬರಿಗೆ ಅದು ಅಡಗುವ ಉಪಾಯ, ಇನ್ನೊಬ್ಬರಿಗೆ ಅದ್ದುವ ವಿದ್ಯೆ.

ಒಗೆದರೂ ಬಿಡದ ಬಣ್ಣದ ಸಮಸ್ಯೆಗೆ ದೊಡ್ಡ ಕಾರ್ಖಾನೆಗಳ ಉತ್ತರ ಸಿಕ್ಕಿದ್ದು 1884ರಲ್ಲಿ. ಇಂಗ್ಲೆಂಡಿನ ಲ್ಯಾಂಕಶೈರಿನ ಗ್ಯಾಟಿ ಎಂಬ ಬಣ್ಣಗಾರ ಅದಕ್ಕೆ ಪೇಟೆಂಟ್ ಪಡೆದ. ಅದರ ಗುಟ್ಟು ಕೇಳಿದರೆ ನಿಮಗೆ ಆಶ್ಚರ್ಯವಾಗಬಹುದು. ಕಬ್ಬಿಣದ ಮತ್ತು ಕ್ರೋಮಿಯಮ್ಮಿನ ಉಪ್ಪುಗಳನ್ನು ಬಟ್ಟೆಯ ಎಳೆಯೊಳಗೇ ಕೂರಿಸುವುದು. ಕಬ್ಬಿಣದಿಂದ ತುಕ್ಕಿನ ಕಂದು, ಕ್ರೋಮಿಯಮ್ಮಿನಿಂದ ಹಸಿರು. ಬಿಳಿ ಬಟ್ಟೆಯ ಮೇಲೆ ಕಬ್ಬಿಣದ ಕರೆ ಕೂತರೆ ಸಾಯುವವರೆಗೆ ಹೋಗುವುದಿಲ್ಲ ಎಂದು ಬಟ್ಟೆ ಒಗೆದವರಿಗೆಲ್ಲ ಗೊತ್ತು. ನಮ್ಮನ್ನು ಗೋಳಾಡಿಸಿದ ಆ ಕರೆಯನ್ನೇ ಅವರು ಬಣ್ಣವಾಗಿಸಿದರು. ಮರುವರ್ಷದಿಂದ ಹಿಂದುಸ್ಥಾನದ ಸೈನ್ಯಕ್ಕೆಲ್ಲ ಖಾಕಿ ಬಂತು. 1902ರಲ್ಲಿ ಬ್ರಿಟನ್ನಿನ ಸೈನ್ಯ ತನ್ನ ಊರಿನಲ್ಲೂ ದಿನನಿತ್ಯದ ಉಡುಪಾಗಿ ಅದನ್ನೇ ತೆಗೆದುಕೊಂಡಿತು.

ಈ ಪಾಠ ಬೇಗ ಕಲಿಯದವರ ಗತಿ ಏನಾಯಿತು ಎಂಬುದಕ್ಕೆ ಫ್ರಾನ್ಸ್ ಸಾಕ್ಷಿ. 1914ರ ಆಗಸ್ಟಿನಲ್ಲಿ ಅವರ ಕಾಲಾಳುಗಳು ಕೆಂಪು ಷರಾಯಿ ತೊಟ್ಟುಕೊಂಡೇ ಮೆಷಿನ್ ಗನ್ನುಗಳ ಎದುರಿಗೆ ಹೋದರು. ಕೆಂಪು ಫ್ರಾನ್ಸಿನ ಮಾನ, ಅದನ್ನು ಬಿಡಕೂಡದು ಎಂದು ಯುದ್ಧಕ್ಕೆ ಮೊದಲು ವಾದಿಸಿದ ದೊಡ್ಡವರಿದ್ದರು. 1915ರ ಹೊತ್ತಿಗೆ ಸದ್ದಿಲ್ಲದೆ ತಿಳಿನೀಲಿಗೆ ಬದಲಾಯಿಸಿಕೊಂಡರು. ಬ್ರಿಟನ್ನಿನಲ್ಲಾದರೋ ಆ ವರ್ಷ ಹೊಸದಾಗಿ ಸೇರಿದ ಹುಡುಗರಿಗೆ ಹಂಚಲು ಖಾಕಿ ಬಟ್ಟೆ ಸಾಲದೆ, ಎಷ್ಟೋ ಜನ ನೀಲಿ ಬಟ್ಟೆಯಲ್ಲಿ ಕವಾಯತು ಮಾಡಿದರು. ಬಣ್ಣ ಎಂದರೆ ಇಷ್ಟೆಲ್ಲ. ನಾನು ಕ್ಯಾಲೆಂಡರಿನ ಹಿಂದೆ ಬಳಿದ ಚೌಕಗಳನ್ನು ಮತ್ತೆ ನೋಡಿದೆ. ಆಟಿಕೆಯ ಕೆಲಸ ಎಂದುಕೊಂಡಿದ್ದದ್ದು ಆಟಿಕೆಯಾಗಿ ಉಳಿಯಲಿಲ್ಲ.

ಅದೇ 1914ರಲ್ಲಿ ನಮ್ಮ ತಾತ ಹಡಗು ಹತ್ತಿದರು. ಮೈಸೂರು ಲ್ಯಾನ್ಸರ್ಸ್ ಮೊದಲು ಈಜಿಪ್ಟಿನಲ್ಲಿ ಸೂಯೆಜ್ ಕಾಲುವೆಯನ್ನು ಕಾಯ್ದರು. ಆಮೇಲೆ ಪ್ಯಾಲೆಸ್ಟೈನಿಗೆ ಹೋದರು. ಅವರ ಹೆಸರು ಉಳಿದಿರುವುದು 1918ರ ಸೆಪ್ಟೆಂಬರ್ 23ರಂದು ನಡೆದ ಹೈಫಾ ಕಾಳಗದಿಂದ. ಒಂದು ಕಡೆ ಕಿಶೋನ್ ಹೊಳೆ, ಇನ್ನೊಂದು ಕಡೆ ಕಾರ್ಮೆಲ್ ಬೆಟ್ಟ, ನಡುವಿನ ಸಣ್ಣ ದಾರಿಯಲ್ಲಿ ಊರು. ಬೆಟ್ಟದ ಮೇಲೆ ತುರ್ಕರ ತೋಪುಗಳು. ಮೈಸೂರಿನ ಒಂದು ತಂಡ ಕಡಿದಾದ ಬೆಟ್ಟವನ್ನೇರಿ ತೋಪುಗಳ ಮೇಲೆ ಬಿತ್ತು. ಜೋಧಪುರದವರು, ಅವರ ಹಿಂದೆ ಮೈಸೂರಿನವರು, ಭರ್ಜಿ ಹಿಡಿದು ಊರಿಗೆ ನುಗ್ಗಿದರು. ಜೋಧಪುರದ ಮೇಜರ್ ದಳಪತ್ ಸಿಂಗ್ ಅಲ್ಲಿ ಮಡಿದರು. ಸೆರೆ ಸಿಕ್ಕವರು 1,350 ಜನ. ದೆಹಲಿಯ ತೀನ್ ಮೂರ್ತಿ ಎನ್ನುವ ಜಾಗದಲ್ಲಿರುವ ಮೂರು ಕಂಚಿನ ಸವಾರರು ಹೈದರಾಬಾದ್, ಜೋಧಪುರ ಮತ್ತು ಮೈಸೂರಿನವರು, 1922ರಲ್ಲಿ ನಿಲ್ಲಿಸಿದ್ದು. ಬೆಂಗಳೂರಿನ ಜೆ.ಸಿ. ನಗರದಲ್ಲೂ ನಮ್ಮವರಿಗೆ ಒಂದು ಸ್ಮಾರಕ ಇದೆ.

ಇದನ್ನೆಲ್ಲ ಹೇಳುತ್ತಿದ್ದಾಗ ಮೊಮ್ಮಗ ಕೇಳಿದ, “ತುರ್ಕರು ಯಾವ ಬಣ್ಣ ಹಾಕ್ಕೊಂಡಿದ್ರು?” ಅದನ್ನೂ ನೋಡಿದ್ದೆ. 1909ರಿಂದ ಅವರದೂ ಮಣ್ಣುಬಣ್ಣವೇ. ತಲೆಯ ಮೇಲಿನದು ಮಾತ್ರ ಬೇರೆ: ನಮ್ಮವರದು ಪೇಟ, ಅವರದು ಬಟ್ಟೆ ಸುತ್ತಿ ಮಾಡಿದ ಟೋಪಿ. “ಎರಡು ಕಡೆಯವರದೂ ಒಂದೇ ಬಣ್ಣಾನಾ?” ಎಂದು ಅವನು ಪೆಚ್ಚಾದ. ಒಂದು ಕಡೆಯವರಿಗೆ ಕೆಟ್ಟ ಬಣ್ಣ ಇರಬೇಕಿತ್ತು ಎಂದು ಅವನ ಆಸೆ.

ಇನ್ನು ಬಣ್ಣ ಕಲಸಿದ ಕಥೆ ಹೇಳುತ್ತೇನೆ. ನಿಮ್ಮಲ್ಲೂ ಯಾರಿಗಾದರೂ ಉಪಯೋಗಕ್ಕೆ ಬಂದೀತು. ಎಳೆನಿಂಬೆಯಂಥ ಹಳದಿಯನ್ನು ಬಿಟ್ಟು ಯೆಲ್ಲೋ ಓಕರ್ ಎಂದು ಸಿಗುವ ಮಣ್ಣುಹಳದಿಯನ್ನು ತೆಗೆದುಕೊಂಡೆ. ಕಪ್ಪಿನ ಬದಲು ರಾ ಅಂಬರ್ ಎಂಬ ಮಣ್ಣಿನ ಕಂದು. ಎರಡೂ ನಿಜವಾಗಿ ಮಣ್ಣೇ. ಅವುಗಳಿಗೆ ಬಣ್ಣ ಕೊಟ್ಟಿರುವುದೂ ಕಬ್ಬಿಣವೇ. ಓಕರ್ ನಾಲ್ಕು ಪಾಲು, ಅಂಬರ್ ಒಂದು ಪಾಲು, ಬಿಳಿ ಒಂದು ಪಾಲು, ಹಸಿರು ಕಡ್ಡಿಯ ತುದಿಯಲ್ಲಿ ಅಂಟಿದಷ್ಟು. ಪಟ್ಟಿಯ ಒಳಸುತ್ತಿಗೆ ಬಹಳ ಹತ್ತಿರ ಬಂತು. ಪೋಸ್ಟರ್ ಬಣ್ಣ ಒಣಗಿದಾಗ ಛಾಯೆ ಬದಲಾಗುವುದರಿಂದ ಹಸಿಯಲ್ಲಿ ನೋಡಿ ನಿರ್ಧರಿಸಬಾರದು. ಉಪ್ಪಿನಕಾಯಿಯ ಉಪ್ಪನ್ನು ಹಾಕಿದ ದಿನವೇ ನೋಡಿದರೆ ಗೊತ್ತಾಗುತ್ತದೆಯೇ?

ಅಷ್ಟು ಸರಿಯಾಗಿ ಹೊಂದಿಸಿದ ಬಣ್ಣವನ್ನು ಗೊಂಬೆಗೆ ಹಚ್ಚಿ ಮೆಟ್ಟಿಲ ಮೇಲಿಟ್ಟು ದೂರ ಬಂದು ನೋಡಿದರೆ, ಸವಾರ ಇದ್ದಿಲಿನಂತೆ ಕಪ್ಪಗೆ ಕಾಣುತ್ತಿದ್ದ. ಇದು ಗೊಂಬೆಗೆ ಬಣ್ಣ ಹಚ್ಚುವವರೆಲ್ಲ ಬೀಳುವ ಹಳ್ಳ. ಆರಡಿಯ ಮನುಷ್ಯ ಗೇಣುದ್ದ ಕಾಣಬೇಕಾದರೆ ನಾವು ಅವನಿಂದ ಬಹಳ ದೂರ ನಿಂತಿರಬೇಕು. ದೂರದಲ್ಲಿ ಎಲ್ಲವೂ ತಿಳಿಯಾಗುತ್ತದೆ. ಹತ್ತಿರದಲ್ಲಿ ಕಡುಹಸಿರಾದ ಚಾಮುಂಡಿ ಬೆಟ್ಟ ದೂರದಿಂದ ಮಸುಕು ನೀಲಿಯಾಗಿ ಕಾಣುವ ಹಾಗೆ. ಆದ್ದರಿಂದ ಗೊಂಬೆಗೆ ನಿಜವಾದ ಬಣ್ಣ ಹಚ್ಚಿದರೆ ಸುಳ್ಳಾಗುತ್ತದೆ. ಇನ್ನೊಂದು ಪಾಲು ಬಿಳಿ ಸೇರಿಸಿದ ಮೇಲೆ ನಿಜವಾಯಿತು.

ಆಮೇಲೆ ಮಡಿಕೆಗಳ ಕೆಲಸ. ಅಂಬರನ್ನು ತಿಳಿಸಾರಿನಷ್ಟು ತೆಳ್ಳಗೆ ಮಾಡಿ ಕಂಕುಳು, ಸೊಂಟಪಟ್ಟಿಯ ಕೆಳಗೆ, ಪೇಟದ ಸುತ್ತುಗಳ ನಡುವೆ ಹರಿಯಬಿಟ್ಟೆ. ನೆರಳಿಗೆ ಕಪ್ಪು ಹಾಕಲೇಬಾರದು, ಬಟ್ಟೆ ಮತ್ತೆ ಪಾಚಿ ಹಿಡಿಯುತ್ತದೆ. ಒಣಗಿದ ಮೇಲೆ ತಿಳಿಯ ಬಣ್ಣವನ್ನು ಕುಂಚಕ್ಕೆ ತಾಗಿಸಿ, ಹಳೆಯ ಬಟ್ಟೆಯಲ್ಲಿ ಪೂರಾ ಒರೆಸಿ, ಆ ಒಣ ಕುಂಚವನ್ನು ಭುಜ, ಮೊಣಕಾಲು, ತೋಳಿನ ಉಬ್ಬುಗಳ ಮೇಲೆ ಸುಮ್ಮನೆ ಆಡಿಸಿದೆ. ಬಿಸಿಲು ಬಿದ್ದ ಜಾಗವೇ ಎದ್ದುಬಂತು. ಪೇಟಕ್ಕೆ ಎಲ್ಲಕ್ಕಿಂತ ತಿಳಿಯ ಬಣ್ಣ, ಏಕೆಂದರೆ ಅದು ತೆಳು ಹತ್ತಿ, ಹೆಚ್ಚು ಬಿಸಿಲು, ಹೆಚ್ಚು ಒಗೆತ. ಕಾಲಿನ ಪಟ್ಟಿಗೆ ಗಾಢ, ಏಕೆಂದರೆ ಅದು ಉಣ್ಣೆ. ಆರು ಜನಕ್ಕೂ ಒಂದೇ ಬಣ್ಣ ಕೊಡಲಿಲ್ಲ. ಒಬ್ಬ ಹೊಸ ಅಂಗಿಯವನು, ಒಬ್ಬನದು ನಾಲ್ಕು ವರ್ಷ ಒಗೆದದ್ದು. ಮನೆಯಲ್ಲಿ ಅಣ್ಣತಮ್ಮಂದಿರ ಸ್ಕೂಲ್ ಯೂನಿಫಾರಂ ತಂತಿಯ ಮೇಲೆ ಒಣಹಾಕಿದಾಗ ಕಾಣುವುದಿಲ್ಲವೇ, ಹಾಗೆ. ವಾರ್ನಿಷ್ ಹೊಡೆಯಲಿಲ್ಲ, ಧೂಳು ಹೊಳೆಯುವುದಿಲ್ಲ. ಕೊನೆಗೆ ಒಲೆಯ ಬೂದಿಯಷ್ಟು ನುಣ್ಣಗೆ ಅರೆದ ಕಾವಿಗೆ ಸೀಮೆಸುಣ್ಣದ ಪುಡಿ ಬೆರೆಸಿ ಕುದುರೆಗಳ ಗೊರಸಿಗೆ ಉದುರಿಸಿದೆ.

ಕೆಲಸ ಮುಗಿಯುವಷ್ಟರಲ್ಲಿ ಮಹಾಲಯ ಅಮಾವಾಸ್ಯೆ ಬಂದಿತ್ತು. ಹಳೆಯ ತಿಥಿಗಳನ್ನು ಲೆಕ್ಕ ಹಾಕಿ ನೋಡಿದರೆ ಹೈಫಾ ಕಾಳಗ ನಡೆದದ್ದೂ ಪಿತೃಪಕ್ಷದಲ್ಲೇ. ಆಗ ನನಗೆ ಅಜ್ಜಿಯ ಮಾತು ನೆನಪಾಯಿತು. ಇದನ್ನು ಬರೆಯಲು ಕೂತದ್ದೂ ಆ ಮಾತಿನ ಸಲುವಾಗಿಯೇ.

ನನಗೆ ಆಗ ಹದಿನಾಲ್ಕು. ಗೊಂಬೆ ಇಡುತ್ತ ಅಜ್ಜಿಯನ್ನು ಕೇಳಿದ್ದೆ, “ತಾತ ಹೈಫಾ ಗೆದ್ದ ಸುದ್ದಿ ಬಂದಾಗ ನಿಮಗೆ ಎಷ್ಟು ಸಂತೋಷ ಆಯ್ತು ಅಜ್ಜಿ?” ಪಟ್ಟದ ಗೊಂಬೆಯಿಂದ ಪಟ್ಟಿಯನ್ನು ಬಿಚ್ಚುತ್ತಿದ್ದ ಅಜ್ಜಿಯ ಕೈ ನಿಲ್ಲಲಿಲ್ಲ.

“ಅವರಲ್ಲಿ ಊರು ಗೆದ್ರಂತೆ. ನನಗೇನು ಗೊತ್ತಿತ್ತು ಕೂಸೆ? ಇಲ್ಲಿ ದಸರೆ ಕಳೀತು, ಜ್ವರ ಬಂತು, ಮಗು ಹೋಯ್ತು.”

1918ರ ಆ ಇನ್‌ಫ್ಲುಯೆಂಜಾ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಮೈಸೂರು ಸೀಮೆಯ ಊರೂರನ್ನೇ ಬಳಿದುಕೊಂಡು ಹೋದ ಜ್ವರ ಅದು. ನಮ್ಮ ಅಪ್ಪನಿಗಿಂತ ಮೊದಲು ಒಬ್ಬಳು ಮಗಳಿದ್ದಳು ಎಂದು ಅಂದಿನವರೆಗೆ ನಮಗೆ ಯಾರಿಗೂ ಗೊತ್ತಿರಲಿಲ್ಲ. ತಾತ ಹೊರಟಾಗ ಆರು ತಿಂಗಳ ಕೂಸು, ಹೋದಾಗ ನಾಲ್ಕು ವರ್ಷ ದಾಟಿತ್ತು. ಲೆಕ್ಕ ಹಾಕಿದರೆ ತಾತನ ಪಲ್ಟನ್ನು ಆಗ ಹೈಫಾ ಬಿಟ್ಟು ಅಲೆಪ್ಪೋ ದಾರಿಯಲ್ಲಿತ್ತು. ಅಕ್ಟೋಬರ್ 26ರಂದು ಅಲ್ಲಿ ಇನ್ನೊಂದು ಕಾಳಗ ನಡೆಯಿತು. ಅವರು ಮರಳಿದ್ದು 1920ರಲ್ಲಿ. “ಬಂದವರೇ ಮಗು ಎಲ್ಲಿ ಅಂದ್ರು. ಕಾಗದ ಬರೆಸಿದ್ದೆ, ತಲುಪಿರಲಿಲ್ಲ” ಎಂದರು ಅಜ್ಜಿ. ಆಮೇಲೆ ಪಟ್ಟಿಯನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡು, ಶೆಟ್ಟಮ್ಮನ ಗೊಂಬೆಗೆ ಸೀರೆ ಉಡಿಸಲು ನನ್ನನ್ನು ಕರೆದರು. ಮತ್ತೆಂದೂ ಆ ಮಾತು ಎತ್ತಲಿಲ್ಲ. ಮೂರು ವರ್ಷಕ್ಕೆ ಅವರೂ ಹೋದರು.

ಒಳ್ಳೆಯ ಉಣ್ಣೆಯ ಪಟ್ಟಿಯನ್ನು ಅಜ್ಜಿ ಮಸಿಬಟ್ಟೆ ಮಾಡಿದ್ದು ಏಕೆ ಎಂದು ಆ ನಂತರ ಎಷ್ಟೋ ಸಲ ಯೋಚಿಸಿದ್ದೇನೆ. ಸಿಟ್ಟೋ, ಬಡತನವೋ, ಉಪಯೋಗಕ್ಕೆ ಬರುವ ವಸ್ತುವನ್ನು ಪೆಟ್ಟಿಗೆಯಲ್ಲಿ ಕೊಳೆಯಿಸಬಾರದು ಎಂಬ ಗೃಹಿಣಿಯ ಬುದ್ಧಿಯೋ. ಬಹುಶಃ ಮೂರೂ ಇರಬಹುದು. ಇನ್ನೊಂದು ಪಟ್ಟಿಯಲ್ಲಿ ಪಟ್ಟದ ಗೊಂಬೆಯನ್ನು ಎಳೆಗೂಸಿಗೆ ಸುತ್ತಿದಂತೆ ಸುತ್ತಿಟ್ಟದ್ದೂ ಅವರೇ ಅಲ್ಲವೇ.

ಸಂಜೆ ಮೊಮ್ಮಗನಿಗೆ ಈ ಕಥೆಯನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದ್ರೆ ಅವರದೂ ಒಂದು ಗೊಂಬೆ ಇಡೋಣ” ಎಂದ. ಮರುದಿನ ಕುಂಬಾರರ ಬೀದಿಯಿಂದ ಬಣ್ಣ ಹಚ್ಚದ ಒಂದು ಹೆಂಗಸಿನ ಗೊಂಬೆಯನ್ನು ತಂದೆವು. ಕುಂಚ ಹಿಡಿದು ಕೂತು, “ಸೀರೆ ಯಾವ ಬಣ್ಣ ಅಜ್ಜಿ?” ಎಂದ.

ನನ್ನ ಕೈ ಅಲ್ಲೇ ನಿಂತಿತು. ಹೈಫಾದ ಸವಾರನ ಪೇಟ, ಪಟ್ಟಿ, ಸೊಂಟದ ಚರ್ಮ, ಭರ್ಜಿಯ ಬಿದಿರು, ಎದುರಾಳಿಯ ಟೋಪಿ ಎಲ್ಲದರ ಬಣ್ಣವೂ ಪುಸ್ತಕಗಳಲ್ಲಿ ಸಿಕ್ಕಿತ್ತು. ಆ ತಿಂಗಳು ಮದ್ದೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಮಗುವಿನ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕೂತಿದ್ದ ಇಪ್ಪತ್ತೆರಡು ವರ್ಷದ ಹೆಂಗಸು ಉಟ್ಟಿದ್ದ ಸೀರೆಯ ಬಣ್ಣವನ್ನು ಯಾರೂ ಬರೆದಿಟ್ಟಿಲ್ಲ. ನಾನೂ ಕೇಳಿರಲಿಲ್ಲ. ಕೇಳಬಹುದಾಗಿದ್ದಾಗ ಹೈಫಾದ ಬಗ್ಗೆ ಕೇಳಿದೆ.

ಊಹೆಯಿಂದ ಯಾವುದೋ ಬಣ್ಣ ಹಚ್ಚುವುದು ಬೇಡ ಎಂದೆ. ಗೊಂಬೆಯನ್ನು ಹಾಗೆಯೇ, ಕುಂಬಾರರ ಮಣ್ಣಿನ ಬಣ್ಣದಲ್ಲೇ, ಆರು ಜನ ಸವಾರರ ಪಕ್ಕದಲ್ಲಿಟ್ಟೆವು. ಗೊಂಬೆ ನೋಡಲು ಬಂದ ಪಕ್ಕದ ಮನೆಯವರು, “ಸವಾರರು ಈ ಸಲ ಜೀವ ಬಂದ ಹಾಗಿದ್ದಾರೆ ಕಣ್ರೀ. ಇದೊಂದಕ್ಕೆ ಯಾಕೆ ಬಣ್ಣ ಹಚ್ಚಲಿಲ್ಲ, ಹೊತ್ತಾಗಲಿಲ್ವಾ?” ಎಂದು ಕೇಳಿದರು. ಅವರ ಮಕ್ಕಳ ಕೈಗೆ ಗೊಂಬೆ ಬಾಗಿನ ಕೊಟ್ಟು, ಕೂತುಕೊಳ್ಳಿ ಹೇಳುತ್ತೇನೆ ಎಂದೆ. ಒಂಬತ್ತು ದಿನವೂ ಬಂದವರಿಗೆಲ್ಲ ಹೇಳಿದೆ. ಹತ್ತನೆಯ ದಿನ ಪಟ್ಟದ ಗೊಂಬೆಗಳನ್ನು ಮಲಗಿಸಿ, ಮತ್ತೆ ಅದೇ ಪಟ್ಟಿಯಲ್ಲಿ ಸುತ್ತಿದೆ. ಈ ಸಲ ಪಟ್ಟಿಯ ಕೊನೆಯ ಎರಡು ಸುತ್ತು ಆ ಮಣ್ಣಿನ ಗೊಂಬೆಗೂ ಸಾಕಾಯಿತು.